ಮೂರನೇ ಪೀಪಾಯಿಯ ನೀರು

ಬಣ್ಣದ ಮೇಸ್ತ್ರಿಗೆ ತನ್ನ ಕಣ್ಣಿನ ಬಗ್ಗೆ ಇದ್ದ ಜಂಬ ಅಷ್ಟಿಷ್ಟಲ್ಲ. ಮೂವತ್ತೊಂದು ವರ್ಷ ನೂಲಿಗೆ ಬಣ್ಣ ಹಾಕಿದ ಮನುಷ್ಯ. ಹತ್ತು ಕೆಂಪು ಲಡಿಗಳನ್ನು ಸಾಲಾಗಿ ನೇತುಹಾಕಿದರೆ, ಇದು ಸೋಮವಾರದ್ದು, ಇದು ಮೋಡ ಕವಿದ ದಿನದ್ದು, ಇದನ್ನು ಅದ್ದುತ್ತಿದ್ದವನು ನಡುವೆ ಸಿಗರೇಟು ಸೇದಲು ಎದ್ದುಹೋಗಿದ್ದ ಎಂದು ಹೇಳಿಬಿಡುತ್ತಿದ್ದ. ಯಜಮಾನರು ಒಮ್ಮೆ ಬಣ್ಣ ಅಳೆಯುವ ಯಂತ್ರ ತರಿಸಿದರು. ಯಂತ್ರ ಒಂದೇ ಎಂದ ಎರಡು ಲಡಿಗಳನ್ನು ಮೇಸ್ತ್ರಿ ಬೇರೆ ಬೇರೆ ಎಂದ. ಗಿರಾಕಿಯೂ ಬೇರೆ ಬೇರೆ ಎಂದೇ ಮಾಲು ವಾಪಸು ಕಳಿಸಿದ. ಅಂದಿನಿಂದ ಆ ಯಂತ್ರ ಊಟದ ಡಬ್ಬಿ ಇಡುವ ಮೇಜಾಯಿತು. ಮೇಸ್ತ್ರಿಗೆ ಕೊಂಬು ಬಂದದ್ದು ಆಗಲೇ ಎಂದು ಕೆಲಸದವರು ಆಡಿಕೊಳ್ಳುತ್ತಿದ್ದರು. ಅದು ಸುಳ್ಳು. ಕೊಂಬು ಅದಕ್ಕೂ ಮುಂಚಿನಿಂದಲೇ ಇತ್ತು.

ಅವನ ಹೆಸರು ಓಡುತ್ತಿದ್ದುದು ಒಂದು ಕೆಂಪಿನ ಮೇಲೆ. ಐಸಿನ ಕೆಂಪು ಎನ್ನುತ್ತಿದ್ದರು. ಮೊದಲ ತೊಟ್ಟಿಯಲ್ಲಿ ಅದ್ದಿ ಹಿಂಡಿದ ಮಾಸಲು ಹಳದಿ ನೂಲನ್ನು, ಐಸಿನ ಗಡ್ಡೆ ತೇಲುವ ಎರಡನೇ ತೊಟ್ಟಿಗೆ ಇಳಿಸುವುದು. ಇಳಿಸಿದ ಕ್ಷಣಕ್ಕೆ ನೂಲು ರಕ್ತದಂಥ ಕೆಂಪಾಗಿ ಮೇಲೇಳುತ್ತದೆ. ಆ ಎರಡನೇ ತೊಟ್ಟಿಗೆ ಏನು ಎಷ್ಟು ಎಂಬುದೇ ಪಾಕ. ಪಾಕವನ್ನು ಈ ಕಸುಬಿನವರು ಹೆತ್ತ ಮಗನಿಗೂ ಹೇಳುವುದಿಲ್ಲ. ಮೇಸ್ತ್ರಿಯೂ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಕೋಣೆಯ ಚಿಲಕ ಹಾಕಿಕೊಂಡು ಒಬ್ಬನೇ ಬೆರೆಸಿ, ಖಾಲಿ ಚೀಲಗಳನ್ನು ತಾನೇ ಒಲೆಗೆ ಹಾಕುತ್ತಿದ್ದ. ಅವನಿಗೆ ಕಲಿಸಿದ ಗುರುವೂ ಹಾಗೇ ಮಾಡುತ್ತಿದ್ದ, ಕಾಯಿಲೆ ಬಿದ್ದು ಮಲಗಿದ ಮೇಲಷ್ಟೇ ಇವನ ಕಿವಿಯಲ್ಲಿ ಉಸುರಿದ್ದ. ಇಷ್ಟೆಲ್ಲ ಮುಚ್ಚಿಟ್ಟ ಆ ಗುಟ್ಟು ಬೆಟ್ಟದಂಥದ್ದೇನಲ್ಲ, ಇಲ್ಲೇ ಹೇಳಿಬಿಡಬಹುದು. ನೈಟ್ರೈಟ್ ಎನ್ನುವ ಒಂದು ಬಿಳಿ ಉಪ್ಪಿದೆ. ಉಳಿದ ಕಾರ್ಖಾನೆಯವರು ಹಾಕುವುದರ ಎರಡರಷ್ಟು ಇವನು ಹಾಕುತ್ತಿದ್ದ. ಅಷ್ಟೇ.

ಕಾರ್ಖಾನೆಯ ಹಿಂದೆ ಒಂದು ಚರಂಡಿ, ಚರಂಡಿಯ ಆಚೆ ಕೆಲಸದವರ ಮನೆಗಳು, ಎರಡು ಸಾಲು. ಯಾವ ದಿನ ಯಾವ ಬಣ್ಣ ಹಾಕಿದರೆಂದು ಆ ಮನೆಗಳವರಿಗೆ ಚರಂಡಿ ನೋಡಿದರೆ ತಿಳಿಯುತ್ತಿತ್ತು. ನೀರು ಕೆಂಪಾಗಿ, ನೀಲಿಯಾಗಿ, ಕೆಲವು ದಿನ ಹೆಸರಿಲ್ಲದ ಬಣ್ಣದಲ್ಲಿ ಹರಿಯುತ್ತಿತ್ತು. ಅಲ್ಲಿನ ನಾಯಿಗಳೂ ಅದಕ್ಕೆ ಬಾಯಿ ಹಾಕುತ್ತಿರಲಿಲ್ಲ. ಹೀಗಿರುವಾಗ ಸರ್ಕಾರದಿಂದ ಒಂದು ನೋಟೀಸು ಬಂತು. ಆರು ತಿಂಗಳೊಳಗೆ ಚರಂಡಿಯ ನೀರಿಗೆ ಬಣ್ಣ ಇರಕೂಡದು, ಇದ್ದರೆ ಬಾಗಿಲಿಗೆ ಬೀಗ. ಯಜಮಾನರು ತಲೆಯ ಮೇಲೆ ಕೈಹೊತ್ತು ಕೂತರು. ನೀರು ಶುದ್ಧ ಮಾಡುವ ದೊಡ್ಡ ಯಂತ್ರವಂತೂ ಅವರ ಕೈಗೆ ಎಟುಕುವ ಮಾತಲ್ಲ. ಅರವತ್ತು ಜನ ಕೆಲಸದವರು ಊಟದ ಹೊತ್ತಿನಲ್ಲಿ ಮಾತಾಡುವುದನ್ನೇ ಬಿಟ್ಟರು.

ದಾರಿ ಸಿಕ್ಕಿದ್ದು ಮೇಸ್ತ್ರಿಯ ಕಣ್ಣಿಗೇ. ಚರಂಡಿಯ ಕಟ್ಟೆ ಒಡೆದ ಕಡೆ ಯಾರೋ ಕಡಲೆಕಾಯಿ ಸಿಪ್ಪೆಯ ಒಂದು ಹರಕು ಚೀಲ ತುರುಕಿದ್ದರು. ಎಣ್ಣೆ ಗಿರಣಿಯ ಹಿಂದೆ ಗುಡ್ಡೆ ಬಿದ್ದಿರುವ, ಯಾರಿಗೂ ಬೇಡದ ಸಿಪ್ಪೆ. ಮೂರು ದಿನ ಬಿಟ್ಟು ನೋಡಿದರೆ ಸಿಪ್ಪೆ ಕಡುಗೆಂಪು, ಅದರ ಕೆಳಗೆ ಸೋರುವ ನೀರು ಮಾತ್ರ ಪೇಲವ. ಮೇಸ್ತ್ರಿ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಅರ್ಧ ಗಂಟೆ ನೋಡಿದ. ನೂಲು ಬಣ್ಣ ಕುಡಿಯುವುದನ್ನು ಜೀವಮಾನವಿಡೀ ನೋಡಿದವನಿಗೆ ಸಿಪ್ಪೆಯೂ ಕುಡಿಯುತ್ತದೆಂದು ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಆಮೇಲಿನ ಐದು ತಿಂಗಳು ಅವನಿಗೆ ಅದೇ ಹುಚ್ಚು. ಕಿತ್ತಳೆ ಸಿಪ್ಪೆ ತಂದ. ಐದನೇ ದಿನಕ್ಕೆ ಕೊಳೆತು ಬೀದಿಗೆ ಬೀದಿಯೇ ಮೂಗು ಮುಚ್ಚಿಕೊಂಡು ಅವನ ವಂಶವನ್ನೆಲ್ಲ ನೆನೆಸಿಕೊಂಡಿತು. ಮರದ ಹೊಟ್ಟು ಹಾಕಿದ. ಅದು ನೀರಿನ ಕೆಂಪು ತೆಗೆದು ತನ್ನ ಕಂದು ಬಿಟ್ಟಿತು. ಚಹಾ ಅಂಗಡಿಗಳಿಂದ ಚರಟ ಹೊತ್ತು ತಂದ. ಕಡೆಗೆ ಕುದುರಿದ್ದು ಹೀಗೆ: ಒಂದರ ಕೆಳಗೊಂದು ಮೂರು ಪೀಪಾಯಿ. ಮೊದಲನೆಯದರಲ್ಲಿ ಜಜ್ಜಿದ ಜೋಳದ ದಂಟು, ಎರಡನೆಯದರಲ್ಲಿ ಹುಳಿನೀರಿನಲ್ಲಿ ನೆನೆಸಿ ತೊಳೆದು ಒಣಗಿಸಿದ ಕಡಲೆಕಾಯಿ ಸಿಪ್ಪೆ, ಮೂರನೆಯದರಲ್ಲಿ ಕಂದು ಪೂರಾ ಬಿಡುವ ತನಕ ಕುದಿಸಿದ ಮರದ ಹೊಟ್ಟು. ಅಲ್ಲಿಂದ ಸುಣ್ಣದ ಒಂದು ಸಣ್ಣ ತೊಟ್ಟಿ, ತೊಟ್ಟಿಗೊಂದು ನಲ್ಲಿ. ಮೇಲೆ ಸುರಿದದ್ದು ಗಟ್ಟಿ ಕೆಂಪು. ಕೆಳಗೆ ನಲ್ಲಿಯಲ್ಲಿ ಬಂದದ್ದು ಗಾಜಿನಂಥ ತಿಳಿನೀರು. ಮೇಸ್ತ್ರಿ ಲೋಟ ಎತ್ತಿ ಬಿಸಿಲಿಗೆ ಹಿಡಿದ. ಯಂತ್ರವನ್ನು ಸೋಲಿಸಿದ ಆ ಕಣ್ಣಿಗೆ ಒಂದು ಎಳೆಯಷ್ಟೂ ಬಣ್ಣ ಕಾಣಲಿಲ್ಲ. ಅವನಿಗೆ ಅಳು ಬಂತು, ಬಂದದ್ದನ್ನು ಯಾರಿಂದಲೂ ಮುಚ್ಚಿಡಲಿಲ್ಲ.

ನೋಟೀಸು ಬಂದ ಮೇಲೆ ಯಜಮಾನರು ಲ್ಯಾಬಿಗೊಬ್ಬಳನ್ನು ನೇಮಿಸಿದ್ದರು. ತೆಳ್ಳಗೆ, ಕಡಿಮೆ ಮಾತಿನವಳು, ಯಾವಾಗಲೂ ಕೈಯಲ್ಲೊಂದು ಶೀಸೆ. ಎಲ್ಲರೂ ಅವಳನ್ನು ಶೀಸೆಯಮ್ಮ ಅಂತಲೇ ಕರೆಯುತ್ತಿದ್ದರು. ತಿಳಿನೀರು ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವಳೊಬ್ಬಳು ಮಾತ್ರ ತಟ್ಟಲಿಲ್ಲ.

"ಬಣ್ಣ ಹೋಯ್ತು ಮೇಸ್ತ್ರಿ, ಒಪ್ಕೋತೀನಿ. ಬಣ್ಣದ ಜೊತೆ ಹಾಕಿದ್ದೆಲ್ಲ ಹೋಯ್ತಾ?"

"ಕಣ್ಣಿಲ್ವಾ ನಿನಗೆ? ನೋಡು."

"ಕಣ್ಣಿಗೆ ಕಾಣದ್ದು ಬೇಕಾದಷ್ಟಿರುತ್ತೆ. ನೀವು ಎರಡನೇ ತೊಟ್ಟಿಗೆ ಏನೇನ್ ಹಾಕ್ತೀರಿ ಅಂತ ಹೇಳಿ. ಏನು ಹುಡುಕಬೇಕು ಅಂತ ಗೊತ್ತಿಲ್ದೆ ನಾನು ಏನನ್ನ ಅಂತ ಪರೀಕ್ಷೆ ಮಾಡ್ಲಿ?"

ಮೇಸ್ತ್ರಿ ಜೋರಾಗಿ ನಕ್ಕ. "ಓಹೋ, ಪಾಕಕ್ಕೆ ಗಾಳ ಹಾಕ್ತಿದೀಯಾ! ನನ್ನ ಮಗನಿಗೇ ಹೇಳಿಲ್ಲ ಕಣಮ್ಮಾ. ಅದನ್ನ ಕೇಳೋಕೆ ನೀನು ಇನ್ನೊಂದು ಜನ್ಮ ಎತ್ತಿ ಬರಬೇಕು."

ಸುತ್ತಲಿದ್ದವರೂ ನಕ್ಕರು. ಅವಳ ಮುಖ ಕೆಂಪೇರಿತು. ಅವಳು ಯಜಮಾನರ ಹತ್ತಿರ ಹೋದಳು. ನೋಟೀಸಿನಲ್ಲಿ ಕೇಳಿರುವುದು ಬಣ್ಣ ಒಂದನ್ನೇ, ಕೇಳದ್ದನ್ನು ಹುಡುಕಿ ತಲೆಗೆ ಸುತ್ತಿಕೊಳ್ಳುವುದು ಯಾಕೆ ಎಂದು ಅವರು ಸಾಗಹಾಕಿದರು. ಅಧಿಕಾರಿಗಳು ಬಂದ ದಿನ ಮೇಸ್ತ್ರಿ ಅವರೆದುರಿಗೇ ನಲ್ಲಿಯ ಕೆಳಗೆ ಲೋಟ ಹಿಡಿದು, ಗಟಗಟ ಕುಡಿದು, ಬಾಯಿ ಒರೆಸಿಕೊಂಡ. ಚೂರು ಉಪ್ಪುಪ್ಪು. ಅಲ್ಲಿನ ಬೋರ್‌ವೆಲ್ ನೀರು ಇನ್ನೂ ಉಪ್ಪು. ದೊಡ್ಡವನ ಮೈಗೆ ಒಂದು ಲೋಟ ಏನೂ ಮಾಡಲಿಲ್ಲ. ಅಧಿಕಾರಿಗಳು ಕೈಕುಲುಕಿ ಹೋದರು.

ಅದು ಬೇಸಿಗೆ. ಬೀದಿಯ ನಲ್ಲಿಯಲ್ಲಿ ನಾಲ್ಕು ದಿನಕ್ಕೊಮ್ಮೆ ಬರುತ್ತಿದ್ದ ನೀರು, ಎಲ್ಲೋ ಪೈಪು ಒಡೆದು ಪೂರಾ ನಿಂತುಹೋಯಿತು. ಎರಡು ಸಾಲಿನ ಮನೆಗಳವರು ಮೊದಲು ಮೂರನೇ ಪೀಪಾಯಿ ದಾಟಿ ಬರುವ ನೀರಿನಲ್ಲಿ ಪಾತ್ರೆ ತೊಳೆದರು. ಆಮೇಲೆ ಬಟ್ಟೆ ಒಗೆದರು. ಆಮೇಲೆ ಒಬ್ಬಳು ಅಡುಗೆಗೆ ಇಟ್ಟಳು. ಮೇಸ್ತ್ರಿ ಬೇಡ ಎನ್ನಬಹುದಿತ್ತು, ಎನ್ನಲಿಲ್ಲ. ಎನ್ನುವುದಿರಲಿ, ಸಂಜೆ ತೊಟ್ಟಿಯ ನಲ್ಲಿಯ ಪಕ್ಕ ಒಂದು ಸ್ಟೂಲು ಹಾಕಿಕೊಂಡು, ಸಾಲು ನಿಂತ ಕೊಡಗಳನ್ನು ನೋಡುತ್ತಾ, ಮದುವೆ ಮನೆಯ ಯಜಮಾನನ ಹಾಗೆ ಕೂರುತ್ತಿದ್ದ. "ನಿಧಾನ, ನಿಧಾನ, ಎಲ್ಲರಿಗೂ ಇದೆ" ಎನ್ನುತ್ತಿದ್ದ. ಆ ಸುಖವನ್ನು ನೆನೆದು ಅವನ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ, ಅಯ್ಯೋ ಪಾಪ ಅಂತಲೂ ಅನ್ನಿಸುತ್ತದೆ.

ಅವನ ಮನೆಯಲ್ಲಿ ಇದ್ದದ್ದು ಅವನು, ಸೊಸೆ, ಎರಡೂವರೆ ತಿಂಗಳ ಮೊಮ್ಮಗಳು. ಮಗ ಲಾರಿ ಓಡಿಸುವವನು, ತಿಂಗಳಿಗೆರಡು ಸಲ ಮನೆಯ ಮುಖ ಕಾಣುತ್ತಿದ್ದ. ಸೊಸೆಗೆ ಎದೆಹಾಲು ಸಾಲದೆ ಮಗುವಿಗೆ ಪುಡಿಹಾಲು ಕಲಸಿ ಕೊಡುತ್ತಿದ್ದಳು. ಅದಕ್ಕೆ ನೀರು ತರುವ ಕೆಲಸ ಮೇಸ್ತ್ರಿಯದು, ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ.

"ಮಾವ, ಕುದಿಸ್ಲಾ ಇದನ್ನ?" ಎಂದು ಸೊಸೆ ಮೊದಲ ದಿನ ಕೇಳಿದ್ದಳು.

"ಕುದಿಸು. ಬೇಕಾಗಿಲ್ಲ, ಆದ್ರೂ ಕುದಿಸು. ಮಗು ನೋಡು."

ಅವಳು ಚೆನ್ನಾಗಿಯೇ ಕುದಿಸುತ್ತಿದ್ದಳು. ಪಾತ್ರೆಯ ನೀರು ಮುಕ್ಕಾಲಿಗೆ ಇಳಿಯುವ ತನಕ.

ಆ ನೀರು ತರತೊಡಗಿದ ಹತ್ತೊಂಬತ್ತನೇ ದಿನ ಬೆಳಿಗ್ಗೆ ಮೇಸ್ತ್ರಿ ಮಗುವನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಬಂದ. ಮಗು ಅಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ತುಟಿಯ ಬಣ್ಣ ಬೇರೆ ಇತ್ತು. ಉಳಿದವರ ಕಣ್ಣಿಗೆ ಅದು ಬೀಳುತ್ತಿರಲಿಲ್ಲ. ಹಿಂದಿನ ದಿನದ್ದಕ್ಕೂ ಅಂದಿನದ್ದಕ್ಕೂ ಅರ್ಧ ಎಳೆಯ ವ್ಯತ್ಯಾಸ. ಗುಲಾಬಿಯ ಒಳಗೆ ಬೂದಿ ಸೇರಿದ ಹಾಗೆ. ಉಗುರು ನೋಡಿದ, ಅಲ್ಲೂ ಅದೇ.

"ಇದಕ್ಕೆ ಚಳಿ ಆಗಿದೆಯೇನೋ ನೋಡು."

ಸೊಸೆ ಬಂದು ಹಣೆ ಮುಟ್ಟಿದಳು. "ಈ ಬಿಸಿಲಲ್ಲಿ ಎಂಥ ಚಳಿ ಮಾವ? ರಾತ್ರಿ ನಿದ್ದೆ ಮಾಡಿಲ್ಲ, ಸೋತಿದೆ ಅಷ್ಟೆ." ಹಾಲು ಕಲಸಿ ತಂದು ಕುಡಿಸಿದಳು.

ಮೇಸ್ತ್ರಿ ಕೆಲಸಕ್ಕೆ ಹೋದ. ಹೋದವನಿಗೆ ಪಾಕ ಬೆರೆಸಲು ಕೈ ಓಡಲಿಲ್ಲ. ಹತ್ತು ಗಂಟೆಗೆ ಚಿಲಕ ತೆಗೆದು ಮನೆಗೆ ಓಡಿ ಬಂದರೆ ಅರ್ಧ ಎಳೆ ಹೋಗಿ ಪೂರ್ತಿ ನೀಲಿಯೇ ಬಂದಿತ್ತು. ಈಗ ಎಲ್ಲರ ಕಣ್ಣಿಗೂ ಕಾಣುವಂಥದ್ದು. ಸೊಸೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಅಂಗಾಲು ಉಜ್ಜುತ್ತಾ, ಹೆಸರಿಡದ ಆ ಮಗುವನ್ನು ಚಿನ್ನಾ, ಪುಟ್ಟಾ, ನನ್ನಮ್ಮಾ ಎಂದು ಇದ್ದಬದ್ದದ್ದೆಲ್ಲ ಕರೆಯುತ್ತಿದ್ದಳು. ಅವನು ಮಗುವನ್ನು ಎತ್ತಿಕೊಂಡ. ಸಿಕ್ಕ ಆಟೋ ಹತ್ತಿ ಆಸ್ಪತ್ರೆ ಸೇರುವ ಹೊತ್ತಿಗೆ ಮಗುವಿನ ಕುತ್ತಿಗೆ ವಾಲುತ್ತಿತ್ತು.

ಡಾಕ್ಟರಮ್ಮ ಆಮ್ಲಜನಕದ ಮುಖವಾಡ ಇಟ್ಟರು. ಬಣ್ಣ ಬದಲಾಗಲಿಲ್ಲ. ಹಿಮ್ಮಡಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದು ಬಿಳಿ ಕಾಗದದ ಮೇಲೆ ಬಿಟ್ಟರು. ಮೇಸ್ತ್ರಿ ಬಗ್ಗಿ ನೋಡಿದ. ಜೀವಮಾನವಿಡೀ ಕೆಂಪಿನ ಜೊತೆ ಬದುಕಿದವನು. ಆ ಹನಿ ಕೆಂಪಲ್ಲ ಎಂದು ಅವನಿಗೆ ಡಾಕ್ಟರಿಗಿಂತ ಮುಂಚೆ ಗೊತ್ತಾಯಿತು. ಕಾಫಿಯ ಗಸಿಯಂಥ ಕಂದು.

"ಮಗುವಿಗೆ ಏನು ಕೊಡ್ತಿದೀರಿ?"

"ಪುಡಿಹಾಲು," ಎಂದಳು ಸೊಸೆ. "ಒಳ್ಳೇ ನೀರಲ್ಲೇ ಕಲಸೋದು. ನಮ್ಮ ಮಾವಾನೇ ಶುದ್ಧ ಮಾಡಿದ ನೀರು. ಅದನ್ನೂ ಕುದಿಸಿ."

"ಎಲ್ಲಿಯ ನೀರು?"

ಸೊಸೆ ಮಾವನ ಮುಖ ನೋಡಿದಳು. ಮೇಸ್ತ್ರಿ, "ಬೋರ್‌ವೆಲ್ಲಿಂದು" ಎಂದ. ಎಂದದ್ದು ತನ್ನ ಬಾಯೇ ಎಂದು ಅವನಿಗೇ ನಂಬಲಾಗಲಿಲ್ಲ. ಸೊಸೆ ಮಗುವಿನ ಅಂಗಾಲನ್ನು ಮತ್ತೆ ಉಜ್ಜತೊಡಗಿದಳು.

ಡಾಕ್ಟರಮ್ಮ ಅವನ ಕೈ ನೋಡಿದರು. ಮೂವತ್ತೊಂದು ವರ್ಷದ ಕೆಂಪು ಉಗುರಿನ ಸಂದಿಯಲ್ಲಿ ಕೂತಿತ್ತು. "ನೋಡಿ, ಮಗುವಿನ ರಕ್ತ ಉಸಿರನ್ನ ಹೊರ್ತಾ ಇಲ್ಲ. ಏನೋ ಹೊಟ್ಟೆಗೆ ಹೋಗಿ ಹಾಗಾಗಿದೆ. ಒಂದು ಔಷಧಿ ಇದೆ. ನನ್ನ ಊಹೆ ತಪ್ಪಾಗಿದ್ದು ಅದನ್ನ ಹಾಕಿದ್ರೆ ಮಗುಗೆ ಅದೇ ವಿಷ. ಅದಕ್ಕೇ ಕೇಳ್ತಿದೀನಿ. ಆ ನೀರಲ್ಲಿ ಏನಿತ್ತು?"

ಅರವತ್ತು ಜನರ ಅನ್ನ, ಯಜಮಾನರ ಬಾಗಿಲು, ಗುರು ಕಿವಿಯಲ್ಲಿ ಹೇಳಿದ ಮಾತು, ಅಧಿಕಾರಿಗಳೆದುರು ಕುಡಿದ ಲೋಟ ಎಲ್ಲವೂ ಮೇಸ್ತ್ರಿಯ ತಲೆಗೆ ಒಟ್ಟಿಗೆ ಬಂದವು. ಮಗು ಒಂದು ಉಸಿರು ತೆಗೆದುಕೊಂಡಿತು, ಇನ್ನೊಂದಕ್ಕೆ ತಡ ಮಾಡಿತು.

"ನೈಟ್ರೈಟ್," ಎಂದ ಮೇಸ್ತ್ರಿ. ಒಂದು ಸಲ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. ಎಷ್ಟು ಐಸು, ಎಷ್ಟು ಆಸಿಡ್, ಎಷ್ಟು ಉಪ್ಪು, ಎಷ್ಟು ಹೊತ್ತು ಕಲಕುವುದು, ಮಗನಿಗೂ ಹೇಳದ ಪಾಕವನ್ನೆಲ್ಲ ಡಾಕ್ಟರು, ನರ್ಸು, ಪಕ್ಕದ ಮಂಚದ ಮುದುಕಿ ಎಲ್ಲರೂ ಕೇಳುವ ಹಾಗೆ ಗಟ್ಟಿಯಾಗಿ ಒಪ್ಪಿಸಿದ. "ಎಲ್ಲರಿಗಿಂತ ಎರಡರಷ್ಟು ಹಾಕ್ತೀನಿ ಡಾಕ್ಟ್ರೇ. ಕೆಂಪು ಚೆನ್ನಾಗಿ ಬರಲಿ ಅಂತ."

ಡಾಕ್ಟರಮ್ಮ ಅಷ್ಟು ಹೊತ್ತಿಗೆ ಔಷಧಿ ತರಲು ಹೇಳಿ ಆಗಿತ್ತು. ನರ್ಸು ತಂದ ಶೀಸೆಯಲ್ಲಿ ಇದ್ದದ್ದು ಗಾಢ ನೀಲಿ. ಮೇಸ್ತ್ರಿಗೆ ಅದರ ಗುರುತು ಹತ್ತಿತು. ಎಳೆಯ ವಯಸ್ಸಿನಲ್ಲಿ ರೇಷ್ಮೆಗೆ ಹಾಕುತ್ತಿದ್ದ ಬಣ್ಣ, ಮೆಥಿಲೀನ್ ನೀಲಿ.

"ಅದು ಬಣ್ಣ ಅಲ್ವಾ ಡಾಕ್ಟ್ರೇ?"

"ಹೌದು, ಬಣ್ಣವೇ. ಸುಮ್ಮನೆ ನಿಂತ್ಕೊಳ್ಳಿ."

ನೀಲಿ ಸಣ್ಣ ಕೊಳವೆಯಲ್ಲಿ ಇಳಿಯಿತು. ಮೇಸ್ತ್ರಿ ಮಂಚದ ಕಂಬಿ ಹಿಡಿದು ತುಟಿಯನ್ನೇ ನೋಡಿದ. ಮುಕ್ಕಾಲು ಗಂಟೆಗೆ, ಉಳಿದ ಯಾರಿಗೂ ಇನ್ನೂ ಏನೂ ಕಾಣದಾಗ, ಅವನು ಸೊಸೆಯ ಭುಜ ಮುಟ್ಟಿ, "ಬಂತು" ಎಂದ. ಒಂದು ಗಂಟೆಗೆ ಎಲ್ಲರಿಗೂ ಕಂಡಿತು. ಮಗು ಕಿರುಚಿ ಅತ್ತಿತು. ಸೊಸೆ ನೆಲದ ಮೇಲೆ ಕೂತು ಅತ್ತಳು. ಮಾವನ ಕಡೆ ತಿರುಗಿ ನೋಡಲಿಲ್ಲ.

"ಕುದಿಸಿಯೇ ಕೊಟ್ಟಿದ್ದೆವಲ್ಲ ಡಾಕ್ಟ್ರೇ," ಎಂದ ಮೇಸ್ತ್ರಿ, ಹೊರಗೆ ಕಾರಿಡಾರಿನಲ್ಲಿ.

"ಕುದಿಸಿದ್ರೆ ಹುಳ ಸಾಯುತ್ತೆ. ಉಪ್ಪು ಸಾಯುತ್ತಾ? ನೀರು ಆವಿಯಾಗಿ ಹೋಗುತ್ತೆ, ಉಪ್ಪು ಅಷ್ಟೂ ಉಳ್ಕೊಳ್ಳುತ್ತೆ. ಕುದಿಸಿದಷ್ಟೂ ವಿಷ ಗಟ್ಟಿ." ಅವರು ಕಾಗದ ತೆಗೆದು ಬರೆದುಕೊಳ್ಳತೊಡಗಿದರು. "ದೊಡ್ಡವರ ಮೈ ಹೇಗೋ ತಡ್ಕೊಳ್ಳುತ್ತೆ. ಹಸುಗೂಸಿಗೆ ಆಗಲ್ಲ. ನಿಮ್ಮ ಬೀದೀಲಿ ಈ ನೀರು ಕುಡಿಯೋ ಮಕ್ಕಳು ಬೇರೆ ಇದಾರಾ?"

 ಎದುರು ಸಾಲಿನಲ್ಲಿ ಬಟ್ಟೆ ಇಸ್ತ್ರಿ ಮಾಡಿಕೊಡುವ ಇಸ್ತ್ರಿಯಮ್ಮನಿಗೆ ಒಂದು ಗಂಡು ಮಗುವಿತ್ತು. ತೀರಿಕೊಂಡು ಎಂಟು ದಿನ. ನಿದ್ದೆಯಲ್ಲಿ ಉಸಿರು ಕಟ್ಟಿತೆಂದು ಎಲ್ಲರೂ ಹೇಳಿದ್ದರು. ಇವನೂ ಹೋಗಿ ನಿಂತಿದ್ದ, ಮಗುವಿನ ತುಟಿ ನೋಡಿದ್ದ. ನೀಲಿ ದುಪ್ಪಟಿ ಸುತ್ತಿದ್ದರಿಂದ ಅದರ ನೆರಳು ಬಿದ್ದಿದೆ ಎಂದುಕೊಂಡಿದ್ದ. ಈ ಭೂಮಿಯ ಮೇಲೆ ಬಟ್ಟೆಯ ನೀಲಿ ಯಾವುದು, ಮೈಯ ನೀಲಿ ಯಾವುದು ಎಂದು ಹೇಳಬಲ್ಲ ಒಬ್ಬ ಮನುಷ್ಯನಿದ್ದರೆ ಅವನು ತಾನೇ.

"ಒಂದಿತ್ತು," ಎಂದ.

ಅವನು ಬೀದಿಗೆ ಬಂದಾಗ ಸಂಜೆ ಐದು. ನಲ್ಲಿಯ ಮುಂದೆ ಎಂದಿನಂತೆ ಕೊಡಗಳ ಸಾಲು. "ಕುಡೀಬೇಡಿ! ಚೆಲ್ಲಿ ಅದನ್ನ! ವಿಷ ಅದು!" ಎಂದು ಕೂಗಿದ. ಜನ ಅವನನ್ನೂ ನೋಡಿದರು, ನೀರನ್ನೂ ನೋಡಿದರು. ನೀರು ತಿಳಿಯಾಗಿತ್ತು.

"ಏನ್ ಮೇಸ್ತ್ರಿ, ಬಿಸಿಲು ತಲೆಗೇರ್ತಾ?" ಎಂದನೊಬ್ಬ. "ಆಫೀಸರ ಮುಂದೆ ನೀವೇ ಕುಡಿದ್ರಲ್ಲ."

"ನಿನ್ನೆ ತನಕ ಅಮೃತ, ಇವತ್ತು ವಿಷ ಅಂತೆ," ಎಂದು ಇನ್ನೊಬ್ಬಳು ಕೊಡವನ್ನು ನಲ್ಲಿಯ ಕೆಳಗೆ ಜರುಗಿಸಿದಳು. "ಮನೇಲಿ ಹನಿ ನೀರಿಲ್ಲ. ಜಾಗ ಬಿಡಿ."

ಹೇಳಿ ಪ್ರಯೋಜನವಿಲ್ಲ ಎಂದು ಅವನಿಗೆ ಅರ್ಥವಾಯಿತು. ಕಣ್ಣನ್ನು ನಂಬಿ ಎಂದು ಕಲಿಸಿದವನು ಅವನೇ. ಕಾರ್ಖಾನೆಯ ಒಳಗೆ ಹೋಗಿ ಕಪಾಟಿನಿಂದ ಕೆಂಪು ಪುಡಿಯ ಡಬ್ಬ ತಂದು, ಸುಣ್ಣದ ತೊಟ್ಟಿಯ ಮುಚ್ಚಳ ಎತ್ತಿ, ಡಬ್ಬವನ್ನು ಬುಡಮೇಲು ಮಾಡಿ ಕೊಡವಿದ. ತೋಳು ಮೊಣಕೈ ತನಕ ಇಳಿಸಿ ಕಲಕಿದ. ನಲ್ಲಿಯಲ್ಲಿ ನೀರು ಗುಲಾಬಿಯಾಯಿತು, ಕೆಂಪಾಯಿತು, ಕಡುಗೆಂಪಾಯಿತು. ಸಾಲಿನಲ್ಲಿದ್ದವರು ಹಾರಿ ಹಿಂದೆ ಸರಿದರು. ಗದ್ದಲ ಕೇಳಿ ಯಜಮಾನರು ಓಡಿಬಂದರು.

"ಏನ್ ಮಾಡ್ತಿದೀಯೋ? ಬೀಗ ಹಾಕಿಸ್ತೀಯಾ ನಮಗೆ?"

"ಹಾಕ್ಲಿ," ಎಂದ ಮೇಸ್ತ್ರಿ.

ಬೈಗುಳ ಬಿದ್ದಿತು. ಮುಖಕ್ಕೆ ಉಗಿಯುವುದೊಂದು ಬಾಕಿ. ಬಾಗಿಲಲ್ಲಿ ನಿಂತಿದ್ದ ಶೀಸೆಯಮ್ಮ ಮುಂದೆ ಬಂದಳು. ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದಳು. ಮೇಸ್ತ್ರಿ ಅಲ್ಲೇ, ಕೆಂಪು ತೊಟ್ಟಿಕ್ಕುವ ತೋಳಿನೊಂದಿಗೆ, ಮೊಮ್ಮಗಳಿಗೆ ಆದದ್ದನ್ನು ಎಲ್ಲರಿಗೂ ಹೇಳಿದ. ಪಾಕ ಹೇಳಿದ. ತಾನು ಹೇಳಿದ ಸುಳ್ಳನ್ನೂ ಹೇಳಿದ. ಗದ್ದಲ ತಣ್ಣಗಾಯಿತು. ಒಬ್ಬೊಬ್ಬರಾಗಿ ಕೊಡ ಬೋರಲು ಹಾಕಿದರು.

ಇಸ್ತ್ರಿಯಮ್ಮ ಸಾಲಿನ ಕೊನೆಯಲ್ಲಿದ್ದಳು. ಅವಳು ಕೊಡವನ್ನು ಕಂಕುಳಿಂದ ಇಳಿಸಲಿಲ್ಲ. ಹತ್ತಿರ ಬಂದು ನಿಂತಳು.

"ಯಾವತ್ತಿಂದ ಹೀಗಿತ್ತು ನೀರು?"

ಇವತ್ತಿನಿಂದ ಎನ್ನಬಹುದಿತ್ತು. ಮೊನ್ನೆಯಿಂದ ಎನ್ನಬಹುದಿತ್ತು.

"ಮೊದಲ ದಿನದಿಂದ್ಲೂ," ಎಂದ.

"ಹಾಗಾದ್ರೆ ನಮ್ಮ ಮಗೂಗೂ..."

"ಹೌದಮ್ಮ. ತುಟಿ ನೋಡಿದ್ದೆ ನಾನು. ನನಗೆ ಗೊತ್ತಾಗಬೇಕಿತ್ತು. ನಂದೇ ತಪ್ಪು."

ಅವಳು ಅವನನ್ನು ಹೊಡೆಯುತ್ತಾಳೆಂದು ಸುತ್ತಲಿನವರು ಅಂದುಕೊಂಡರು. ಹೊಡೆದಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತು. ಅವಳ ಸಿಟ್ಟು ಅವನ ಮೇಲೆ ಬರಲಿಲ್ಲ, ಎಲ್ಲಿಗೆ ಹೋಗಬಾರದಿತ್ತೋ ಅಲ್ಲಿಗೇ ಹೋಯಿತು.

"ನಾನು ಒಂದ್ಸಲ ಕುದಿಸಿ ಬಿಡ್ತಿರ್ಲಿಲ್ಲ," ಎಂದಳು. "ಇದ್ದಿಲ ಒಲೆ ಹೇಗೂ ಉರೀತಿರುತ್ತಲ್ಲ, ಇಸ್ತ್ರಿಗೆ ಅಂತ. ಮಗೂಗೆ ಏನೂ ಆಗ್ಬಾರ್ದು ಅಂತ ಎರಡು ಮೂರು ಸಲ ಕುದಿಸ್ತಿದ್ದೆ. ಸಾಕಾಗ್ಲಿಲ್ಲ ಅನ್ಸುತ್ತೆ ಅಲ್ವಾ ಮೇಸ್ತ್ರಿ? ಇನ್ನೂ ಕುದಿಸ್ಬೇಕಿತ್ತು."

ಅಂದು ಬೆಳಗಿನಿಂದ ಮೇಸ್ತ್ರಿ ತನಗೆ ಗೊತ್ತಿದ್ದುದನ್ನೆಲ್ಲ ಬಾಯಿಬಿಟ್ಟು ಹೇಳಿದ್ದ. ಕುದಿಸುವುದರ ಬಗ್ಗೆ ಡಾಕ್ಟರಮ್ಮ ಹೇಳಿದ್ದನ್ನು ಮಾತ್ರ ಅವನು ಅವಳಿಗೆ ಹೇಳಲಿಲ್ಲ.